ಸಯನ್‌ನಲ್ಲಿ ಪಿಯೋನಿಗೊಂದು ಚಳಿಗಾಲ

ಸಸ್ಯಶಾಸ್ತ್ರ ಓದಿ ಪದವಿ ಪಡೆದವನಿಗೆ ಒಂದು ಗಿಡದಲ್ಲಿ ಒಂದು ಹೂ ಅರಳಿಸುವುದೇನು ದೊಡ್ಡ ಕೆಲಸ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಪದವಿಯ ಬೆನ್ನಿಗೇ ಮುಂಬಯಿಗೆ ಬಂದು ಕೋಟೆ ಭಾಗದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಅಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದ ಹಸಿರೆಂದರೆ ಮ್ಯಾನೇಜರರ ಮೇಜಿಗೆ ಹಾಸಿದ ಬಟ್ಟೆ ಮಾತ್ರ. ಆದರೂ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯ ತುಳಸಿ ಬಾಡಿದರೂ ನನಗೇ ಕರೆ ಬರುತ್ತಿತ್ತು. ನಾನು ಹೋಗಿ ಎಲೆಯನ್ನು ಮಗುಚಿ ನೋಡಿ, ಅದರ ಲ್ಯಾಟಿನ್ ಹೆಸರು ಹೇಳಿ, ಕಾಫಿ ಕುಡಿದು ಬರುತ್ತಿದ್ದೆ. ತುಳಸಿ ಸಾಯುತ್ತಿತ್ತು. ನನ್ನ ಗೌರವ ಉಳಿಯುತ್ತಿತ್ತು.

ಆ ಗೌರವವನ್ನು ನಂಬಿ ಕುತ್ತಿಗೆ ಕೊಟ್ಟವರು ಕೆಳಗಿನ ಮನೆಯ ದೇಶಪಾಂಡೆಯವರು. ಕುತ್ತಿಗೆ ಎಂದದ್ದು ಮಾತಿಗಲ್ಲ. ಅದು ಮುಂದೆ ಗೊತ್ತಾಗುತ್ತದೆ.

ಅವರು ಧಾರವಾಡದ ಕಡೆಯವರು. ಯುದ್ಧದ ಕಾಲದಲ್ಲಿ ಮಿಲಿಟರಿಯ ಲೆಕ್ಕದ ಕಚೇರಿಯಲ್ಲಿದ್ದು, ಹಿಮಾಲಯದ ಕಡೆಯ ಯಾವುದೋ ದಂಡಿನ ಊರಿನಲ್ಲಿ ಕೆಲವು ವರ್ಷ ಕಳೆದಿದ್ದರು. ಹೆಂಡತಿ ಆಗ ಧಾರವಾಡದಲ್ಲೇ ಉಳಿದಿದ್ದರು. ಹೀಗಾಗಿ ದೇಶಪಾಂಡೆಯವರು ಅಲ್ಲಿ ಕಂಡದ್ದಕ್ಕೆಲ್ಲ ಸಾಕ್ಷಿಯೇ ಇಲ್ಲ. ಅದೇ ಅವರ ಬಾಳಿನ ಒಂದೇ ದುಃಖ.

"ಹೂವಂದ್ರ ಅದು ಹೂವು ನೋಡ್ರಿ," ಎಂದು ಅವರು ಮನೆಗೆ ಬಂದವರ ಎದುರು ಶುರುಮಾಡುತ್ತಿದ್ದರು. "ನಮ್ಮ ಕರ್ನಲ್ ಸಾಹೇಬನ ಬಂಗಲೇದಾಗ ಇತ್ತು. ಪಿಯೋನಿ ಅಂತಾರ. ಒಂದೊಂದು ಹೂವು ಇಷ್ಟು!" ಎಂದು ಎರಡೂ ಕೈಗಳನ್ನು ಬೋಗುಣಿಯಂತೆ ಹಿಡಿದು ತೋರಿಸುತ್ತಿದ್ದರು.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬರುತ್ತಿತ್ತು. ಇಡೀ ಬಿಲ್ಡಿಂಗಿಗೆ ಅವರು ಕಾಕು. "ಹೋದ ವಾರ ಇದಕ್ಕಿಂತ ಸಣ್ಣದಿತ್ತಲ್ರಿ. ನಡುವ ಬೆಳೀತೇನು?"

ಬಂದವರು ನಗುತ್ತಿದ್ದರು. ದೇಶಪಾಂಡೆಯವರೂ ನಗುತ್ತಿದ್ದರು. ಆಮೇಲೆ ಆ ಬೋಗುಣಿಯಂಥ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು.

ಒಂದು ಸಂಜೆ ಅವರು ನನ್ನನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು. ಕೈಯಲ್ಲಿ ಗೋಣಿಬಟ್ಟೆಯ ಒಂದು ಪುಟ್ಟ ಗಂಟು. ಆ ಊರಿನಲ್ಲೇ ನೆಲೆಸಿದ ಹಳೆಯ ಸ್ನೇಹಿತರೊಬ್ಬರು ಪಿಯೋನಿಯ ಬೇರು ಕಳಿಸಿದ್ದರಂತೆ.

"ಮೂವತ್ತು ವರ್ಷ ಸಂಸಾರ ಮಾಡೀನ್ರಿ ರಾಯರ. ಆಕಿ ಮುಂದ ಒಂದ ಸುಳ್ಳ ಹೇಳಿಲ್ಲ," ಎಂದರು ದನಿ ತಗ್ಗಿಸಿ. "ಆಕೀಗೆ ಒಮ್ಮೆ ತೋರಿಸಬೇಕು. ಒಂದ ಹೂವು ಸಾಕು. ನೀವು ಕಲಿತವ್ರು. ನಿಮ್ಮ ಕೈಯಾಗ ಕೊಡ್ತೀನಿ."

"ಚಿಂತೆ ಬಿಡಿ," ಎಂದೆ ನಾನು. ಪಿಯೋನಿ ಎಂಬ ಗಿಡವನ್ನು ನಾನು ಅದುವರೆಗೆ ಚಿತ್ರದಲ್ಲೂ ಸರಿಯಾಗಿ ನೋಡಿರಲಿಲ್ಲ.

ಗಂಟು ಬಿಚ್ಚಿದಾಗ ನನ್ನ ಹೆಂಡತಿ ಸುಶೀಲ ಇಣುಕಿ ನೋಡಿ, "ಗೆಣಸಾ? ಪಲ್ಯಕ್ಕೆ ಸಾಕಾಗುವುದಿಲ್ಲ," ಎಂದಳು. ನಾನು ಅವಳಿಗೆ ಬೇರಿನ ರಚನೆಯ ಮೇಲೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವಳು ಕೇಳಿಸಿಕೊಳ್ಳುತ್ತಲೇ ಅಕ್ಕಿ ಆರಿಸಿ ಮುಗಿಸಿದಳು.

ವಾಚನಾಲಯದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದೆ. ಬೇರಿನ ಮೇಲಿನ ಕೆಂಪು ಮೊಳಕೆಗಳು ಮಣ್ಣಿನ ಮಟ್ಟದಿಂದ ಎರಡು ಬೆರಳು ಕೆಳಗಿದ್ದರೆ ಸಾಕು, ಆಳಕ್ಕೆ ಹೂತರೆ ಹೂ ಬಿಡುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಪುಸ್ತಕ ಬರೆದವನಿಗೆ ಮುಂಬಯಿಯ ಕಾಗೆಗಳ ಪರಿಚಯ ಎಲ್ಲಿಂದ ಬರಬೇಕು? ನಾನು ಸ್ವಂತ ಬುದ್ಧಿ ಉಪಯೋಗಿಸಿದೆ. ಮಹಡಿಯ ಮೇಲಿನ ಗಚ್ಚಿಯಲ್ಲಿ ಅರ್ಧ ಪೀಪಾಯಿಗೆ ಮಣ್ಣು ತುಂಬಿ, ಮೊಣಕೈ ಮುಳುಗುವಷ್ಟು ಆಳದಲ್ಲಿ ಬೇರನ್ನು ಭದ್ರವಾಗಿ ಹೂತೆ. ಕಾಗೆ ಮುಟ್ಟಲಿಲ್ಲ. ಬೆಳಕೂ ಮುಟ್ಟಲಿಲ್ಲ. ವಾರಗಟ್ಟಲೆ ನೀರು ಹಾಕಿದ ಮೇಲೂ ಮಣ್ಣು ಮಣ್ಣಾಗಿಯೇ ಇತ್ತು. ಕೊನೆಗೆ ಯಾರಿಗೂ ಹೇಳದೆ ಅಗೆದು ತೆಗೆದು, ಪುಸ್ತಕ ಹೇಳಿದಂತೆಯೇ ನೆಟ್ಟೆ.

ಆಗ ಚಿಗುರಿತು. ಕೆಂಪು ಬೆರಳುಗಳಂಥ ಚಿಗುರು, ಆಮೇಲೆ ಸೀಳು ಸೀಳಾದ ಎಲೆ. ದೇಶಪಾಂಡೆಯವರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಪೀಪಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ಎಲೆಯನ್ನು ಬೆರಳಲ್ಲಿ ಸವರಿದರು. "ಇದ ನೋಡ್ರಿ ಎಲಿ. ಇದ," ಎಂದರು. ನನಗೆ ಅರ್ಧ ಹೂವೇ ಅರಳಿದಷ್ಟು ಹೆಮ್ಮೆಯಾಯಿತು.

ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಪಿಯೋನಿಯ ಮೊಗ್ಗಿನಲ್ಲಿ ಸಿಹಿ ಒಸರುತ್ತದೆ, ಅದಕ್ಕೆ ಇರುವೆ ಮುತ್ತುತ್ತವೆ, ಗಾಬರಿ ಬೇಡ ಎಂದು. ಒಂದು ಬೆಳಿಗ್ಗೆ ಗಚ್ಚಿಗೆ ಹೋಗಿ ನೋಡಿದರೆ ಪೀಪಾಯಿಯ ತುಂಬ ಇರುವೆ. ನಾನು ಮೊಗ್ಗು ಹುಡುಕುವ ಗೋಜಿಗೇ ಹೋಗಲಿಲ್ಲ. ಶಾಸ್ತ್ರೀಯ ಪುರಾವೆ ಸಿಕ್ಕ ಮೇಲೆ ಮೊಗ್ಗು ಯಾಕೆ? ನೇರವಾಗಿ ಕೆಳಗಿಳಿದು ಸುದ್ದಿ ಕೊಟ್ಟೆ. ದೇಶಪಾಂಡೆಯವರು ಹೆಂಡತಿಯನ್ನು ಹೊರಡಿಸಿಯೇ ಬಿಟ್ಟರು. ಮಂಡಿನೋವಿನ ಕಾಕು ಕಟಕಟೆ ಹಿಡಿದು ಪ್ರತಿ ಮೆಟ್ಟಿಲಿಗೂ ದೇವರನ್ನು ನೆನೆಯುತ್ತ ಹತ್ತಿ ಬಂದು, ಪೀಪಾಯಿಯನ್ನು ಸುತ್ತು ಹೊಡೆದು ನೋಡಿದರು.

"ಹೂವು ಎಲ್ಲಿ ಅದ?"

"ಇರುವೆ ಬಂದಿವೆ, ಕಾಕು," ಎಂದೆ.

"ಇರಿವಿ ನೋಡ್ಲಿಕ್ಕೆ ಗಚ್ಚಿ ಮ್ಯಾಲೆ ಹತ್ತಿಸಿದ್ರೇನು? ನಮ್ಮ ಬೆಲ್ಲದ ಡಬ್ಬ್ಯಾಗ ಬೇಕಾದಷ್ಟು ಅವ."

ಅಷ್ಟರಲ್ಲಿ ಸುಶೀಲ ಕೈಯಲ್ಲಿ ಪಾತ್ರೆ ಹಿಡಿದು ಬಂದಳು. ಗಿಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ದಿನಾ ಉಳಿದ ಚಹಾವನ್ನು, ಸಕ್ಕರೆಯ ಸಮೇತ, ಅವಳು ಪೀಪಾಯಿಗೆ ಸುರಿಯುತ್ತಿದ್ದಳು.

ಕಾಕು ಆ ಪಾತ್ರೆಯೊಳಗೆ ಒಮ್ಮೆ ಇಣುಕಿ ನೋಡಿ ಇಳಿದು ಹೋದರು. ಇಳಿಯುವಾಗ ಅವರ ನಗು ಒಂದೊಂದು ಮಹಡಿಯಲ್ಲೂ ನಿಂತು ನಿಂತು ಕೇಳಿಸಿತು. ದೇಶಪಾಂಡೆಯವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡ್ರಿ. ಮುಂದಿನ ವರ್ಷ," ಎಂದರು. ಸೋತವರು ಅವರು, ಸಮಾಧಾನ ಹೇಳಿಸಿಕೊಂಡವನು ನಾನು. ಆ ವರ್ಷ ಬೇಸಿಗೆಯಲ್ಲಿ ಎಲೆಗಳು ಸುಟ್ಟು ಉದುರಿದವು. ನಾನು ನನ್ನ ಕಚೇರಿಯ ಕೊಡೆಯನ್ನೇ ಪೀಪಾಯಿಗೆ ಬಿಗಿದು ನೆರಳು ಮಾಡಿದೆ. ಅದನ್ನು ಬಿಚ್ಚಲು ಮರೆತೆ. ಮಳೆಗಾಲದ ಮೊದಲ ದಿನ ಗಿಡ ಕೊಡೆಯಡಿಯಲ್ಲಿತ್ತು, ನಾನು ನೆನೆದು ಕಚೇರಿಗೆ ಹೋದೆ.

ಮಳೆಗಾಲ ಮುಗಿದ ಮೇಲೆ ಪುಸ್ತಕವನ್ನು ಮತ್ತೆ ತಂದು, ಈ ಸಲ ಮೊದಲ ಪುಟದಿಂದ ಓದಿದೆ. ರಹಸ್ಯ ಅಲ್ಲೇ ಇತ್ತು. ಪಿಯೋನಿಗೆ ಚಳಿಗಾಲ ಬೇಕು. ಬೇರು ಕೆಲವು ವಾರ ಗಡಗಡ ನಡುಗಿದರೆ ಮಾತ್ರ ವಸಂತದಲ್ಲಿ ಹೂ. ನಮ್ಮ ಸಯನ್‌ನಲ್ಲಿ ಜನವರಿಯಲ್ಲಿ ಜನ ಕಿವಿಗೆ ಮಫ್ಲರು ಸುತ್ತಿಕೊಳ್ಳುವುದುಂಟು. ಆದರೆ ಅದು ಬೇರೆಯವರು ಸುತ್ತಿಕೊಂಡಿದ್ದಾರೆಂದು. ಗಿಡ ಅಂಥದ್ದಕ್ಕೆಲ್ಲ ಮೋಸಹೋಗುವುದಿಲ್ಲ.

ಚಳಿಗಾಲ ಇಲ್ಲದಿದ್ದರೆ ತರಿಸಬೇಕು. ಇದು ನನಗೆ ಹೊಳೆದ ತರ್ಕ. ಇಂದಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ, ತಪ್ಪು ಮೆಟ್ಟಿಲಿನದು.

ಸುಶೀಲಳ ಅಣ್ಣ ವಾಸು ಭಾವ ಸ್ಟೇಷನ್ ಹತ್ತಿರ ಒಂದು ಪುಟ್ಟ ಹೋಟೆಲು ನಡೆಸುತ್ತಿದ್ದರು. ಉಡುಪಿ ಬಿಟ್ಟು ಬಂದು ಪಾತ್ರೆ ತೊಳೆಯುವುದರಿಂದ ಶುರುಮಾಡಿ ಗಲ್ಲಾದವರೆಗೆ ಬಂದವರು. ಲಸ್ಸಿಗೆ, ಶರಬತ್ತಿಗೆಂದು ಅವರಲ್ಲಿಗೆ ಬೆಳಿಗ್ಗೆ ಐಸು ಬರುತ್ತಿತ್ತು. ಮೊದಲು ನಾನು ಒಂದು ಡಬ್ಬಿಯಲ್ಲಿ ಚೂರು ಒಯ್ದು ಹಾಕಿ ನೋಡಿದೆ. ಗಚ್ಚಿ ತಲುಪುವಷ್ಟರಲ್ಲಿ ನೀರು. ಆದ್ದರಿಂದ ಇಡೀ ಲಾದಿಯನ್ನೇ, ಅಂದರೆ ಕಾರ್ಖಾನೆಯಿಂದ ಬರುವ ಆಳೆತ್ತರದ ಐಸಿನ ಹಲಗೆಯನ್ನೇ, ಕೇಳಿದೆ.

"ಎಂತ ಮಾರಾಯ್ರೆ, ಗಿಡಕ್ಕೆ ಲಾದಿಯಾ?" ಎಂದರು ಭಾವ. "ಮೊದಲು ನಿಮ್ಮ ತಲೆಗೆ ಇಡಬೇಕಿತ್ತು."

"ಇದು ವಿಜ್ಞಾನ, ಭಾವ."

"ಆಗಲಿ. ಭಾನುವಾರ ಬನ್ನಿ. ಹೊರುವುದಕ್ಕೆ ನಾನೇ ಬರುತ್ತೇನೆ. ಕೆಲಸದವರನ್ನು ಕಳಿಸಿದರೆ ಅವರು ನಗುತ್ತಾರೆ."

ಭಾನುವಾರ ಬೆಳಿಗ್ಗೆ ಲಾದಿಯನ್ನು ಗೋಣಿಯಲ್ಲಿ ಸುತ್ತಿ, ಮರದ ಪುಡಿ ಉದುರಿಸಿ, ಕೈಗಾಡಿಯ ಮೇಲೆ ಹಾಕಿಕೊಂಡು ಹೊರಟೆವು. ಪಾನನಿಷೇಧದ ದಿನಗಳು. ತೊಟ್ಟಿಕ್ಕುವ ಗೋಣಿಮೂಟೆಯ ಜೊತೆ ಇಬ್ಬರು ಗಂಭೀರ ಮುಖದ ಮನುಷ್ಯರು ಹೋಗುತ್ತಿದ್ದರೆ ಹವಾಲ್ದಾರ ಸುಮ್ಮನಿರುತ್ತಾನೆಯೇ? ಅಡ್ಡಬಂದು ನಿಲ್ಲಿಸಿದ.

"ಕ್ಯಾ ಹೈ ಇಸ್ ಮೇ?"

"ಬರ್ಫ್ ಹೈ, ಸಾಬ್," ಎಂದರು ಭಾವ.

"ಕಿಸ್ ಕೇ ಲಿಯೇ?"

ನಾನು ಪದವೀಧರ. ಸುಳ್ಳು ಬರಲಿಲ್ಲ. "ಝಾಡ್ ಕೇ ಲಿಯೇ," ಎಂದೆ. ಗಿಡಕ್ಕೆ.

ಹವಾಲ್ದಾರ ಮೂಟೆಯನ್ನು ಮೂಸಲಿಲ್ಲ. ನನ್ನ ಬಾಯಿಯನ್ನು ಮೂಸಿದ. ಆಮೇಲೆ ಭಾವನ ಕಡೆ ತಿರುಗಿ, ಇಂಥವರನ್ನು ಬಿಸಿಲಲ್ಲಿ ತಿರುಗಾಡಿಸಬೇಡಿ ಎಂಬಂತೆ ಕೈಯಾಡಿಸಿ ಕಳಿಸಿದ.

ನಮ್ಮ ಬಿಲ್ಡಿಂಗಿನ ರಚನೆಯನ್ನು ಇಲ್ಲಿ ಹೇಳಲೇಬೇಕು. ಬಾಗಿಲು ದಾಟಿದರೆ ನುಣುಪಾದ ಷಹಾಬಾದಿ ಕಲ್ಲು ಹಾಸಿದ ಓಣಿಯಂಥ ಜಾಗ. ಅದರ ಕೊನೆಗೆ ಮೊದಲ ಮಹಡಿಯವರೆಗೆ ನೇರವಾಗಿ ಏರುವ ಮರದ ಮೆಟ್ಟಿಲು, ಎಲ್ಲೂ ತಿರುವಿಲ್ಲ. ಆ ಮೆಟ್ಟಿಲ ಬುಡದಲ್ಲಿ, ಬಾಗಿಲ ಕಡೆ ಮುಖ ಮಾಡಿ, ದೇಶಪಾಂಡೆಯವರು ಭಾನುವಾರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕ್ಷೌರದವನು ಬರುವುದು ಆ ಹೊತ್ತಿಗೆ.

ಅಂದೂ ಕುಳಿತಿದ್ದರು. ಮುಖದ ತುಂಬ ಸಾಬೂನಿನ ನೊರೆ, ಕಣ್ಣು ಮುಚ್ಚಿದ್ದರು. ನಾವು ಮೂಟೆಯನ್ನು ಅವರ ಪಕ್ಕದಿಂದ ತೂರಿಸಿಕೊಂಡು ಹೋಗುವಾಗ, "ಯಾರು? ರಾಯರೇನು? ಏನದು?" ಎಂದು ತುಟಿಯ ಸಂದಿಯಿಂದ ಕೇಳಿದರು.

"ಚಳಿಗಾಲ," ಎಂದೆ ನಾನು. ಆಗ ಆ ಮಾತು ನನಗೆ ಬಹಳ ಚೆನ್ನಾಗಿ ಕೇಳಿಸಿತು.

ಮೊದಲ ಮಹಡಿಯ ಹತ್ತಿರ ಬಂದಾಗ ನನ್ನ ಬೆರಳುಗಳಲ್ಲಿ ಪ್ರಾಣವಿರಲಿಲ್ಲ. ನಾನು ಮೇಲೆ ಹಿಮ್ಮುಖವಾಗಿ ಹತ್ತುತ್ತಿದ್ದೆ, ಭಾವ ಕೆಳಗಿನ ತುದಿ ಹಿಡಿದಿದ್ದರು. "ಭಾವ, ಒಂದು ನಿಮಿಷ, ಕೈ ಬದಲಿಸುತ್ತೇನೆ," ಎಂದೆ. ಮೂಟೆಯನ್ನು ಮೆಟ್ಟಿಲ ಮೇಲೆ ಇಟ್ಟೆವು. ಭಾವ ಪಂಚೆ ಬಿಗಿಯಲು ಬದಿಗೆ ಸರಿದರು. ನಾನು ಗೋಣಿಯ ಮೇಲಿನ ತುದಿಯನ್ನು ಗಟ್ಟಿಯಾಗಿ ಹಿಡಿದೇ ಇದ್ದೆ. ಈಗಲೂ ಆಣೆಯಿಟ್ಟು ಹೇಳುತ್ತೇನೆ, ಗೋಣಿಯನ್ನು ನಾನು ಬಿಡಲಿಲ್ಲ. ಗೋಣಿ ನನ್ನ ಕೈಯಲ್ಲೇ ಉಳಿಯಿತು. ಅದರೊಳಗಿನ ಲಾದಿ ಮಾತ್ರ ಹೊರಟಿತು.

ಮೊದಲು ನಿಧಾನ. ಒಂದು ಮೆಟ್ಟಿಲು ಇಳಿದು ಯೋಚಿಸಿದಂತೆ ನಿಂತಿತು. ಆಮೇಲೆ ಮತ್ತೆ ಯೋಚಿಸಲಿಲ್ಲ. ಕೆಳಗೆ ಕ್ಷೌರದವನು ದೇಶಪಾಂಡೆಯವರ ತಲೆಯನ್ನು ಹಿಂದಕ್ಕೆ ವಾಲಿಸಿ, ಗಲ್ಲವನ್ನು ಎತ್ತಿ ಹಿಡಿದು, ಕತ್ತಿಯನ್ನು ಸರಿಯಾಗಿ ಗಂಟಲ ಗೆಡ್ಡೆಯ ಮೇಲಿಟ್ಟಿದ್ದ. ಮೇಲಿನಿಂದ ನನಗೆ ಅದು ನಿಚ್ಚಳವಾಗಿ ಕಾಣುತ್ತಿತ್ತು: ಬಿಳಿಯ ನೊರೆ, ಅದರಲ್ಲಿ ಕತ್ತಿ ಎಳೆದ ಒಂದು ಪಟ್ಟೆ, ಆ ಪಟ್ಟೆಯ ತುದಿಯಲ್ಲಿ ನಿಂತ ಅಲುಗು. ಮರದ ಮೆಟ್ಟಿಲ ಮೇಲೆ ದಡ ದಡ ಸದ್ದು ಏರುತ್ತಿತ್ತು. ಆ ಮೆಟ್ಟಿಲುಗಳ ಮೇಲೆ ದಿನವೂ ಯಾರಾದರೂ ದಡದಡ ಇಳಿಯುವವರೇ, ಅದಕ್ಕೆ ಇಬ್ಬರೂ ತಲೆಯೆತ್ತಲಿಲ್ಲ.

ನಾನು ಕೂಗಬೇಕಿತ್ತು. ಬಾಯಿ ತೆರೆದೆ. ನನ್ನ ಅಷ್ಟೂ ವರ್ಷದ ವಿದ್ಯಾಭ್ಯಾಸ ಒಟ್ಟಾಗಿ ಗಂಟಲಿಗೆ ಬಂದು, ಹೊರಬಿದ್ದದ್ದು ಇಷ್ಟು:

"ಎಕ್ಸ್‌ಕ್ಯೂಸ್ ಮಿ."

ಅದೂ ಮೆಲ್ಲಗೆ.

ಭಾವನಿಗೆ ಯೋಚಿಸುವ ಅಭ್ಯಾಸವಿಲ್ಲ. ಹೋಟೆಲಿನ ಗದ್ದಲದಲ್ಲಿ ಕುದಿಯುವ ನೀರಿನ ಹಂಡೆ ಹಿಡಿದು ಬರುವವನು ದಾರಿ ಬಿಡಿಸಲು ಕೂಗುವ ಕೂಗು ಒಂದಿದೆ. ಇಪ್ಪತ್ತು ವರ್ಷದಿಂದ ಬಾಯಿಗೆ ಅಂಟಿದ ಆ ಕೂಗು ತಾನಾಗಿ ಹೊರಟಿತು.

"ಗರಮ್ ಪಾನೀ! ಬಾಜೂ, ಬಾಜೂ!"

ಮುಂಬಯಿಯಲ್ಲಿ ಬದುಕಿದ ಯಾವ ಮನುಷ್ಯನೂ ಆ ಕೂಗಿಗೆ ತಿರುಗಿ ನೋಡಿ ವಿಚಾರಿಸುವುದಿಲ್ಲ. ಮೊದಲು ಹಾರುತ್ತಾನೆ. ಕ್ಷೌರದವನು ಕತ್ತಿಯನ್ನು ಮೇಲಕ್ಕೆತ್ತಿ ಗೋಡೆಗೆ ಹಾರಿ ಅಂಟಿಕೊಂಡ. ಅದೇ ಕ್ಷಣದಲ್ಲಿ ಲಾದಿ ನೆಲಕ್ಕಿಳಿದು, ಕಲ್ಲಿನ ಮೇಲೆ ಜಾರಿ ಬಂದು, ಕುರ್ಚಿಯ ಹಿಂದಿನ ಕಾಲುಗಳಿಗೆ ಹೊಡೆಯಿತು. ಕುರ್ಚಿ ಮಗುಚಲಿಲ್ಲ. ದೇಶಪಾಂಡೆಯವರನ್ನು ಹೊತ್ತುಕೊಂಡು, ಬಾಗಿಲ ಕಡೆಗೆ ಮರ್ಯಾದೆಯಿಂದ ಹೊರಟಿತು. ಹಿಂದಿನಿಂದ ಲಾದಿ ನೂಕುತ್ತಿತ್ತು. ಕುರ್ಚಿ ಹೊಸ್ತಿಲಿಗೆ ತಾಗಿ ನಿಂತಿತು. ಲಾದಿಯೂ ನಿಂತಿತು.

ದೇಶಪಾಂಡೆಯವರು ಇನ್ನೂ ಕಣ್ಣು ತೆರೆದಿರಲಿಲ್ಲ. ಬಿಸಿಲು ಮುಖಕ್ಕೆ ಬಿದ್ದದ್ದು ಅವರಿಗೆ ಗೊತ್ತಾಯಿತು.

"ಇಲ್ಲಿ ಬೆಳಕ ಛಲೋ ಅದ ನೋಡು," ಎಂದು ಕ್ಷೌರದವನಿಗೆ ಹೇಳಿದರು. "ಆದ್ರ ಕುರ್ಚಿ ಸರಿಸೋ ಮುಂದ ಒಂದ ಮಾತು ಹೇಳಬೇಕಪ್ಪ."

ಕ್ಷೌರದವನು ಗೋಡೆಗೆ ಅಂಟಿಕೊಂಡೇ ಭಾವನನ್ನು ನೋಡಿ ಕೇಳಿದ: "ಸೇಠ್, ಗರಮ್ ಪಾನೀ ಕಹಾಂ ಹೈ?"

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ, ಖಾಲಿ ಗೋಣಿಯನ್ನು ತಬ್ಬಿಕೊಂಡು. ಈಗಲೂ ಲೋಕಲ್ ಗಾಡಿಯಲ್ಲಿ ನಿಂತಾಗ, ಕಚೇರಿಯಲ್ಲಿ ಯಾರಾದರೂ ಪೆನ್ಸಿಲು ಹೆರೆಯುವಾಗ, ಆ ಬಿಳಿ ನೊರೆಯ ಪಟ್ಟೆ ಕಣ್ಣಮುಂದೆ ಬರುತ್ತದೆ. ಮನಸ್ಸು ಸುಮ್ಮನಿರದೆ ಬೇರೆ ಬೇರೆ ರೀತಿಯಲ್ಲಿ ಆಡಿಸಿ ನೋಡುತ್ತದೆ. ಭಾವ ಇದ್ದದ್ದನ್ನು ಇದ್ದ ಹಾಗೆ "ಐಸು" ಎಂದು ಕೂಗಿದ್ದರೆ? ಐಸು ಎಲ್ಲಿ, ಯಾಕೆ ಎಂದು ಕ್ಷೌರದವನು ತಿರುಗುತ್ತಿದ್ದ. ಕತ್ತಿಯೂ ಅವನ ಜೊತೆ ತಿರುಗುತ್ತಿತ್ತು. ಅಲ್ಲಿಗೆ ಬಂದು ನಾನು ಯೋಚನೆ ನಿಲ್ಲಿಸುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಅದು ಮತ್ತೆ ಮೊದಲ ಮೆಟ್ಟಿಲಿನಿಂದ ಶುರುವಾಗುತ್ತದೆ.

ಸದ್ದಿಗೆ ಕಾಕು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು. ಹೊಸ್ತಿಲಲ್ಲಿ ಅರ್ಧ ಕ್ಷೌರದ ಗಂಡ, ಅವರ ಬೆನ್ನಿಗೆ ಹೊಗೆಯಾಡುವ ಐಸಿನ ಹಲಗೆ, ಗೋಡೆಗೆ ಒಬ್ಬ, ಮೆಟ್ಟಿಲ ಮೇಲೆ ಇಬ್ಬರು. ಎಲ್ಲವನ್ನೂ ಒಮ್ಮೆ ನೋಡಿದರು. ಸುಶೀಲಳೂ ಮೇಲಿನಿಂದ ಓಡಿ ಬಂದಳು. ಅಣ್ಣನನ್ನೂ ನನ್ನನ್ನೂ ನೋಡಿ, "ಇಬ್ಬರೂ ಸೇರಿದಿರಾ? ಹಾಗಾದರೆ ಸರಿ," ಎಂದಳು.

"ಏನ್ರಿ ಇದು, ರಾಯರ?" ಎಂದರು ಕಾಕು.

ನಾನು ಇದ್ದದ್ದನ್ನೆಲ್ಲ ಹೇಳಿದೆ. ಆ ಬೇರಿಗೆ ಹಿಮಾಲಯದ ಚಳಿ ಬೇಕು, ಇಲ್ಲದಿದ್ದರೆ ಹೂ ಬಿಡುವುದಿಲ್ಲ, ದೇಶಪಾಂಡೆಯವರು ನಿಮಗೆ ಒಂದೇ ಒಂದು ಹೂ ತೋರಿಸಬೇಕೆಂದು ಆಸೆಪಟ್ಟಿದ್ದರು, ಅದಕ್ಕಾಗಿ ಐಸು ಹೊತ್ತು ತಂದೆ, ಅದು ಅವರ ಕುತ್ತಿಗೆಗೇ ಬರುವುದಿತ್ತು ಎಂದು.

ಕಾಕು ಗಂಡನ ಹತ್ತಿರ ಹೋದರು. ಸೆರಗಿನಿಂದ ಅವರ ಗಲ್ಲದ ನೊರೆಯನ್ನು ಒರೆಸಿ, ಕುತ್ತಿಗೆಯನ್ನು ಈ ಬದಿ ಆ ಬದಿ ತಿರುಗಿಸಿ ನೋಡಿದರು. ಎಲ್ಲೂ ಗೀರು ಇರಲಿಲ್ಲ.

"ಅಂದ್ರ," ಎಂದರು ನಿಧಾನವಾಗಿ, "ಅಂಥಾ ಹೂವು ಖರೇನ ಅದ ಏನು?"

"ಅದ," ಎಂದರು ದೇಶಪಾಂಡೆಯವರು. ಏನಾಯಿತೆಂದು ಅವರಿಗೆ ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ಆದರೆ ಈ ಪ್ರಶ್ನೆ ಮಾತ್ರ ಸರಿಯಾಗಿ ಕೇಳಿಸಿತ್ತು.

"ಇರಲೇಬೇಕು," ಎಂದರು ಕಾಕು ನನ್ನ ಕಡೆ ನೋಡುತ್ತ. "ಇಲ್ಲದ ಹೂವಿನ ಸಲುವಾಗಿ ಯಾರರೆ ಇಷ್ಟು ಹುಚ್ಚರಾಗ್ತಾರೇನು?"

ದೇಶಪಾಂಡೆಯವರು ಎರಡೂ ಕೈಗಳನ್ನು ಬೋಗುಣಿಯಂತೆ ಹಿಡಿದು ಹೆಂಡತಿಗೆ ತೋರಿಸಿದರು. ಈ ಸಲ ಯಾರೂ ನಗಲಿಲ್ಲ. ಅರ್ಧ ಮುಖಕ್ಕೆ ಮಾತ್ರ ಕ್ಷೌರವಾಗಿದ್ದ ಮನುಷ್ಯನೊಬ್ಬ ಅಷ್ಟು ಸುಖವಾಗಿ ಕಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಲಾದಿಯನ್ನು ಕಾಕು ಅಲ್ಲೇ ಒಡೆಸಿದರು. ಬಿಲ್ಡಿಂಗಿನ ಎಲ್ಲರಿಗೂ ನಿಂಬೆ ಶರಬತ್ತು ಆಯಿತು, ಕ್ಷೌರದವನಿಗೆ ಎರಡು ಲೋಟ. ಗಿಡಕ್ಕೆ ಒಂದು ಚೂರೂ ಉಳಿಯಲಿಲ್ಲ. ಮುಂದಿನ ಭಾನುವಾರ ಇನ್ನೊಂದು ಲಾದಿ ತರುವುದಾಗಿ, ಈ ಸಲ ಹಗ್ಗ ಕಟ್ಟುವುದಾಗಿ ನಾನು ಹೇಳಿದಾಗ ದೇಶಪಾಂಡೆಯವರು ಗಾಬರಿಯಿಂದ ಕೈಮುಗಿದರು. "ಬ್ಯಾಡ್ರಿ ರಾಯರ. ಆಕಿ ನಂಬ್ಯಾಳ. ಮುಗೀತು."

ಪಿಯೋನಿ ಹೂ ಬಿಡಲೇ ಇಲ್ಲ. ಅದರ ಅವಶ್ಯಕತೆಯೂ ಈಗ ಯಾರಿಗೂ ಇಲ್ಲ. ಮನೆಗೆ ಬಂದವರಿಗೆ ಆ ಹೂವಿನ ಕತೆಯನ್ನು ಕಾಕುವೇ ಹೇಳುತ್ತಾರೆ. ಅವರ ಬಾಯಲ್ಲಿ ಅದು ಈಗ ಕುಂಬಳಕಾಯಿಯಷ್ಟಾಗಿದೆ. "ಅಷ್ಟು ದೊಡ್ಡದಲ್ಲ," ಎಂದು ದೇಶಪಾಂಡೆಯವರು ತಿದ್ದುತ್ತಾರೆ. "ನೀವು ಸುಮ್ಮಕಿರ್ರಿ, ನಿಮಗೇನು ಗೊತ್ತು," ಎನ್ನುತ್ತಾರೆ ಕಾಕು.

ಬಂದವರಲ್ಲಿ ಒಬ್ಬರಾದರೂ ಅನುಮಾನದಿಂದ ಹುಬ್ಬೇರಿಸುತ್ತಾರೆ. ಆಗ ಕಾಕು, ಮಂಡಿನೋವನ್ನೂ ಲೆಕ್ಕಿಸದೆ, ಅವರನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದು ನನ್ನ ಮನೆಯ ಬಾಗಿಲು ತಟ್ಟುತ್ತಾರೆ. ನಾನು ಪತ್ರಿಕೆ ಹಿಡಿದುಕೊಂಡು ಬಾಗಿಲು ತೆರೆಯುತ್ತೇನೆ.

"ಇವ್ರ ನೋಡ್ರಿ," ಎನ್ನುತ್ತಾರೆ ಕಾಕು.

ಬಂದವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಅನುಮಾನವೆಲ್ಲ ಅಲ್ಲೇ ಕರಗಿ ಹೋಗುತ್ತದೆ. "ಕಲಿತವರೇನು?" ಎಂದು ದನಿ ತಗ್ಗಿಸಿ ಕೇಳುತ್ತಾರೆ.

"ಬಿ.ಎಸ್ಸಿ. ಅಂತ್ರಿ."

ಬಂದವರು ನಾಲಿಗೆ ಲೊಚಗುಟ್ಟುತ್ತಾರೆ. ನಾನು ನಮಸ್ಕಾರ ಮಾಡುತ್ತೇನೆ.